ಶೀಟಿನಲ್ಲಿ ಕಾಲಂ ಇಲ್ಲದ ಆಟ

ಬೆಳಗಾವಿಯಲ್ಲಿ ಬಾಸ್ಕೆಟ್‌ಬಾಲ್ ಆಯ್ಕೆ ಪಟ್ಟಿ ಅಂಟಿಸಿದ ಸಂಜೆ ಅದೇ ಹಳೆಯ ಜಗಳ. ‘ಬರೇ ಪಾಯಿಂಟ್ ಹೊಡದವ್ರನ್ನ ತಗೊಂಡೀರಿ’ ಅಂತ ಒಬ್ಬರು. ‘ಮತ್ತೇನ್ ನೋಡಿ ತಗೋಬೇಕ್ರಿ?’ ಅಂತ ಇನ್ನೊಬ್ಬರು. ಈಗ ಹುಡುಗರು ಮೊಬೈಲ್ ತೆಗೆದು ಪಿಇಆರ್, ಪ್ಲಸ್-ಮೈನಸ್ ಅಂತ ಆಟಗಾರರನ್ನು ಅಳೆಯುವ ಲೆಕ್ಕ ಶುರು ಮಾಡುತ್ತಾರೆ. ಜಗಳ ಇನ್ನಷ್ಟು ಗೋಜಲಾಗಿದೆ.

ಆಟ ಹುಟ್ಟಿದ್ದು 1891ರಲ್ಲಿ. ಬಹುಕಾಲ ಪಾಯಿಂಟೇ ದೊಡ್ಡ ಲೆಕ್ಕ. ಅಮೆರಿಕದ ಎನ್‌ಬಿಎ ರಿಬೌಂಡ್ (ಬುಟ್ಟಿ ತಪ್ಪಿ ಪುಟಿದ ಚೆಂಡು ಹಿಡಿಯುವುದು) ಬರೆದಿಡಲು ಶುರು ಮಾಡಿದ್ದು 1950-51ರಲ್ಲಿ, ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್ (ಶಾಟ್ ತಡೆಯುವುದು) 1973-74ರಲ್ಲಿ. ಅಷ್ಟೊತ್ತಿಗೆ ಶಾಟ್ ತಡೆಯುವುದಕ್ಕೇ ಹೆಸರಾದ ಬಿಲ್ ರಸೆಲ್ ಲೀಗಿನ 11 ಪ್ರಶಸ್ತಿ ಗೆದ್ದು ನಿವೃತ್ತರಾಗಿದ್ದರು. ಅವರು ಎಷ್ಟು ಶಾಟ್ ತಡೆದರು ಅನ್ನುವುದಕ್ಕೆ ಅಧಿಕೃತ ಲೆಕ್ಕವೇ ಇಲ್ಲ!

ಆಲ್‌ರೌಂಡರ್ ಅನ್ನಲು ಆಮೇಲೆ ಸಿಕ್ಕ ಅಳತೆ ಟ್ರಿಪಲ್-ಡಬಲ್. ಯಾವುದಾದರೂ ಮೂರು ಲೆಕ್ಕ ಎರಡಂಕಿ ಮುಟ್ಟಬೇಕು; ಸಾಮಾನ್ಯವಾಗಿ ಪಾಯಿಂಟ್, ರಿಬೌಂಡ್, ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್). ಎನ್‌ಬಿಎಯಲ್ಲಿ 1961-62ರಲ್ಲೇ ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ನಿನ ಸರಾಸರಿಯನ್ನೇ ಹಾಗೆ ತಂದರು. ಮತ್ತೊಬ್ಬರು, ರಸೆಲ್ ವೆಸ್ಟ್‌ಬ್ರೂಕ್, ಅದನ್ನು ಮುಟ್ಟಿದ್ದು 2016-17ರಲ್ಲಿ. ಆದರೆ 9 ರಿಬೌಂಡ್ ತೆಗೆದವನಿಗೂ 10 ತೆಗೆದವನಿಗೂ ಅಂಥಾ ವ್ಯತ್ಯಾಸ ಏನಿದೆ? ಹಾಗಾಗಿ ಎಲ್ಲವನ್ನೂ ಕೂಡಿ ಕಳೆದು ಒಂದೇ ಅಂಕಿ ಕೊಡುವ ಸೂತ್ರಗಳು ಬಂದವು. ಅಂಥ ಒಂದು ಸೂತ್ರ, ಅಮೆರಿಕದ ಬರಹಗಾರ ಜಾನ್ ಹಾಲಿಂಜರ್ ಅವರ ಪಿಇಆರ್‌ನಲ್ಲಿ ಲೀಗಿನ ಸರಾಸರಿ ಯಾವಾಗಲೂ 15. ಎದುರಾಳಿಗೆ ಶಾಟ್ ಹೊಡೆಯಲು ಜಾಗವನ್ನೇ ಕೊಡದವನ ಕೆಲಸ ಅದರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅದಕ್ಕೆ ಉತ್ತರ, ಐಸ್ ಹಾಕಿಯಿಂದ ಬಂದ ಪ್ಲಸ್-ಮೈನಸ್: ನೀನು ಕೋರ್ಟಿನಲ್ಲಿದ್ದಾಗ ತಂಡ ಎಷ್ಟು ಮುಂದೆ, ಎಷ್ಟು ಹಿಂದೆ? ಜೊತೆಗಾರರು ಗಟ್ಟಿ ಇದ್ದರೆ ಸುಮ್ನೆ ನಿಂತವನ ಅಂಕಿಯೂ ಏರುತ್ತದೆ, ಅದು ಬೇರೆ ಮಾತು. ಅದನ್ನು ಸರಿಪಡಿಸುವ ಸೂತ್ರಗಳೂ ಬಂದಿವೆ, ಆದರೆ ಅವಕ್ಕೆ ರಾಶಿಗಟ್ಟಲೆ ಪಂದ್ಯಗಳ ಲೆಕ್ಕ ಬೇಕು.

ನಮ್ಮಲ್ಲಿ ಇರುವುದು ಒಂದು ಸ್ಕೋರ್‌ಶೀಟ್. ಸ್ಕೋರರ್ ಮೇಜಿನ ಹಿಂದೆ ತುಂಬಾ ಸಂಜೆ ಕೂತವನು ನಾನು, ಅದರ ಗೆರೆಗೆರೆ ಗೊತ್ತು. ಬುಟ್ಟಿ ಬಿದ್ದರೆ ಅಂಕಿಯ ಮೇಲೆ ಓರೆ ಗೀಟು, ಫ್ರೀ ಥ್ರೋ ಆದರೆ ತುಂಬಿದ ಚುಕ್ಕೆ, ಮೂರರ ಶಾಟ್ ಆದರೆ ಆಟಗಾರನ ನಂಬರಿಗೆ ಸುತ್ತು. ಪಕ್ಕದಲ್ಲಿ ಫೌಲಿಗೆ ಐದು ಮನೆ. ಮುಗೀತು. ರಿಬೌಂಡಿಗೆ, ಅಸಿಸ್ಟಿಗೆ ಕಾಲಮ್ಮೇ ಇಲ್ಲ.

ಟಿಳಕವಾಡಿಯ ಒಂದು ಸಿಮೆಂಟ್ ಕೋರ್ಟಿನಲ್ಲಿ, ಜಿಟಿಜಿಟಿ ಮಳೆ ನಿಂತ ಮೇಲೆ ಗೋಣಿಚೀಲದಿಂದ ನೀರು ಒರೆಸಿ ಆಡಿದ ಪಂದ್ಯ ಅದು. ಗಿಡ್ಡ ಹುಡುಗನೊಬ್ಬ ಶೀಟಿನ ಪ್ರಕಾರ 4 ಪಾಯಿಂಟ್, 3 ಫೌಲ್. ಸುಮ್ನೆ ಕುತೂಹಲಕ್ಕೆ ಬೇರೆ ಹಾಳೆಯಲ್ಲಿ ಪ್ಲಸ್-ಮೈನಸ್ ಬರೆದೆ. ಅವನು ಆಡುತ್ತಿದ್ದಾಗ ತಂಡ 11 ಮುಂದೆ, ಬೆಂಚಿಗೆ ಹೋದಾಗ 6 ಹಿಂದೆ. ಒಂದು ಪಂದ್ಯದ ಲೆಕ್ಕ ಜಾಸ್ತಿ ಏನೂ ಹೇಳುವುದಿಲ್ಲ, ಒಪ್ಪಿದೆ. ಆದರೆ ಆಯ್ಕೆ ಮಾಡುವವರ ಕೈಗೆ ಹೋದದ್ದು ಶೀಟು ಮಾತ್ರ. ಅವರಾದರೂ ಏನು ಮಾಡಿಯಾರು, ಅಲ್ವಾ? ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.

ಈಚೆಗೆ ಇಬ್ಬರು ಹುಡುಗಿಯರು ಮೇಜಿನ ಪಕ್ಕ ನೋಟ್‌ಬುಕ್ ಹಿಡಿದು ಕೂರುತ್ತಾರೆ. ಮೊನ್ನೆ ಅವರದೇ ಒಂದು ಜಗಳ. ಚೆಂಡನ್ನು ಹಿಡಿಯದೆ, ಬೇಕಂತಲೇ ಜೊತೆಗಾರ್ತಿಯ ಕಡೆ ತಟ್ಟಿದರೆ ರಿಬೌಂಡ್ ಯಾರ ಖಾತೆಗೆ? ತಟ್ಟಿದವಳ ಖಾತೆಗೇ ಅಂದೆ. ಹಿಂದಿನ ಪುಟ ತಿರುಗಿಸಿ ಮೂರು ಗೀಟು ಅಳಿಸಿ ಬರೆದರು.