ಕೋಶರ್ ಕೋಳಿಗೆ ಜಾಸ್ತಿ ದುಡ್ಡು ಕೊಡ್ಬೇಕಾ? ಏನ್ ಅಡುಗೆ ಮಾಡ್ತೀರಿ ಹೇಳಿ

ಇಡೀ ಕೋಳಿ ಚರ್ಮದ ಸಮೇತ ಓವನ್‌ನಲ್ಲಿ ರೋಸ್ಟ್ ಮಾಡ್ತೀರಾದ್ರೆ ಕೊಡಿ. ಸಾರಿಗೆ, ಬಿರಿಯಾನಿಗೆ, ಚಾಪ್ಸ್‌ಗೆ ಆದ್ರೆ ಬೇಡ. ನ್ಯೂಜೆರ್ಸಿಯಲ್ಲಿರೋ ನಮ್ಮ ಕನ್ನಡದವರು ಯಾರು ಕೇಳಿದ್ರೂ ನಾನು ಮೊದಲು ಹೇಳೋದು ಇಷ್ಟೇ, ಯಾಕೆ ಅನ್ನೋದನ್ನ ಇವತ್ತು ಸ್ವಲ್ಪ ಕೂತು ಬರೀತಿದೀನಿ. ಕೋಶರ್ ಕೋಳಿ ಅಂದ್ರೆ ಯಹೂದಿಗಳ ಧರ್ಮದ ನಿಯಮದ ಪ್ರಕಾರ ಕೊಯ್ದು ಸಿದ್ಧ ಮಾಡಿದ ಕೋಳಿ.

ನಾನು ಇಲ್ಲಿ ಕೇಟರಿಂಗ್ ಕಿಚನ್‌ನಲ್ಲಿ ಅಡುಗೆ ಮಾಡೋಳು. ಯಹೂದಿಗಳ ಮದುವೆ ಆರ್ಡರ್ ಬಂದಾಗ ಮಶ್ಗಿಯಾಖ್ ಅಂತ ಅವರ ಮೇಲ್ವಿಚಾರಕರು ಬಂದು ಒಲೆ ಅವರೇ ಹಚ್ಚಿಕೊಡ್ತಾರೆ, ಆಮೇಲೆ ನಮ್ಮ ಕೆಲಸ ಶುರು. ಮಾಂಸದ ಜೊತೆ ಹಾಲಿನ ಪದಾರ್ಥ ಯಾವುದೂ ಸೇರೋ ಹಾಗಿಲ್ಲ, ಬೆಣ್ಣೆ ಇಲ್ಲ, ಮೊಸರಲ್ಲಿ ನೆನೆಸೋದು ಅಂತೂ ಇಲ್ಲವೇ ಇಲ್ಲ. ಹಂಗಾಗಿ ಕೋಳಿ ಸ್ವಂತ ರುಚಿ ಮೇಲೇ ನಿಲ್ಲಬೇಕು. ಆ ಅಡುಗೆ ಮಾಡ್ತಾ ಮಾಡ್ತಾನೇ ಆ ಕೋಳಿ ಬೇರೆ ಯಾಕೆ ಅಂತ ನನಗೆ ಅರ್ಥ ಆಗಿದ್ದು.

ರಕ್ತ ತಿನ್ನಬಾರದು ಅನ್ನೋದು ಅವರ ಧರ್ಮದ ನಿಯಮ. ತರಬೇತಿ ಆದ ಶೋಖೆಟ್ ಒಬ್ಬರು ಒಂದು ಚೂರೂ ಮುಕ್ಕಿಲ್ಲದ ಚಾಕುವಿನಿಂದ ಒಂದೊಂದೇ ಕೋಳೀನ ಕೈಯಲ್ಲೇ ಕೊಯ್ತಾರೆ, ಆಮೇಲೆ ಒಳಗಿನ ಅಂಗಾಂಗ ನೋಡ್ತಾರೆ, ದೋಷ ಕಂಡ್ರೆ ಅದು ಕೋಶರ್ ಲೆಕ್ಕಕ್ಕೆ ಬರಲ್ಲ. ಪುಕ್ಕ ಕೀಳೋಕೆ ಬಿಸಿನೀರಲ್ಲಿ ಅದ್ದೋ ಹಾಗಿಲ್ಲ, ಉಪ್ಪು ಹಾಕೋಕೆ ಮುಂಚೆ ಬಿಸಿ ತಗುಲಿದ್ರೆ ರಕ್ತ ಒಳಗೇ ಕಟ್ಕೊಳ್ಳುತ್ತೆ ಅಂತ, ಅದಕ್ಕೇ ತಣ್ಣೀರಲ್ಲೇ ಕೀಳೋದು. ಆಮೇಲೆ ಅರ್ಧ ಗಂಟೆ ನೀರಲ್ಲಿ ನೆನೆಹಾಕಿ, ದಪ್ಪ ಉಪ್ಪನ್ನ ಒಳಗೂ ಹೊರಗೂ ಹಚ್ಚಿ 1 ಗಂಟೆ ಸೋರೋಕೆ ಬಿಟ್ಟು, 3 ಸಲ ತೊಳೀತಾರೆ. ಇಲ್ಲಿ ಅಂಗಡೀಲಿ ಕೋಶರ್ ಸಾಲ್ಟ್ ಅಂತ ಸಿಗುತ್ತಲ್ಲ, ಅದಕ್ಕೆ ಆ ಹೆಸರು ಬಂದಿದ್ದೇ ಈ ಕೆಲಸದಿಂದ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿ ತನಕ ಕೆಲಸ ಬಂದ್, ಹಬ್ಬಗಳಲ್ಲೂ ಬಂದ್. ಇಷ್ಟೆಲ್ಲಾ ಕೈಕೆಲಸ, ಇಷ್ಟು ಜನರ ಸಂಬಳ ಸೇರಿದ ಮೇಲೆ ರೇಟು ಎರಡು ಪಟ್ಟು ಆದ್ರೆ ಆಶ್ಚರ್ಯ ಏನಿಲ್ಲ.

ರುಚಿಯ ಗುಟ್ಟು ಇರೋದು ಆ 1 ಗಂಟೆಯ ಉಪ್ಪಲ್ಲಿ. ಉಪ್ಪು ಮೊದಲು ನೀರನ್ನ ಹೊರಗೆ ಎಳೆಯುತ್ತೆ, ಆಮೇಲೆ ನಿಧಾನಕ್ಕೆ ಒಳಗೂ ಇಳಿದು ಮಾಂಸದ ಪ್ರೋಟೀನನ್ನ ಸಡಿಲ ಮಾಡುತ್ತೆ, ಹಂಗಾಗಿ ಬೇಯುವಾಗ ರಸ ಹಿಂಡಿಹೋಗದೆ ಒಳಗೇ ಉಳಿಯುತ್ತೆ, ಎದೆ ಭಾಗ ಕೂಡ ಒಣಒಣ ಅನ್ನಿಸಲ್ಲ. 1938ರಲ್ಲಿ ಶುರುವಾದ ಎಂಪೈರ್ ಕೋಶರ್ ಕೋಳಿ ಇಲ್ಲಿ ಸುಮಾರು ಕಡೆ ಸಿಗುತ್ತೆ, ಅದನ್ನ ಬರೀ ಎಣ್ಣೆ, ಮೆಣಸು, ಬೆಳ್ಳುಳ್ಳಿ ಹಚ್ಚಿ ರೋಸ್ಟ್ ಮಾಡಿ, ಪಕ್ಕದಲ್ಲಿ ಮಾಮೂಲಿ ಕೋಳಿ ಒಂದನ್ನ ಇಟ್ಟು ತಿಂದು ನೋಡಿ, ನಿಮಗೇ ಗೊತ್ತಾಗುತ್ತೆ. ಚಿಕ್ಕ ಚಿಕ್ಕ ಪುಕ್ಕದ ಬುಡ ಚರ್ಮದಲ್ಲಿ ಉಳಿದಿರುತ್ತೆ, ತಣ್ಣೀರಲ್ಲಿ ಕಿತ್ತಿದ್ದಕ್ಕೆ. ನಾನು ಚಿಮಟದಲ್ಲಿ ಕೀಳ್ತೀನಿ, ಇಲ್ಲಾ ಗ್ಯಾಸ್ ಉರಿ ಮೇಲೆ ಒಂದು ಸಲ ಆಡಿಸ್ತೀನಿ, ಊರಲ್ಲಿ ಅಜ್ಜಿ ನಾಟಿ ಕೋಳೀನ ಬೆಂಕಿ ಮೇಲೆ ಹಿಡಿದು ಸುಡ್ತಿದ್ರಲ್ಲ ಹಂಗೇ.

ಈಗ ನಮ್ಮ ಸಾರಿಗೆ ಬನ್ನಿ. ನಾವು ಏನ್ ಮಾಡ್ತೀವಿ, ಚರ್ಮ ತೆಗೆಸ್ತೀವಿ, ಚಿಕ್ಕ ಪೀಸ್ ಮಾಡಿಸ್ತೀವಿ, ಉಪ್ಪು ಅರಿಶಿನ ಹಚ್ಚಿ ಇಡ್ತೀವಿ, ಆಮೇಲೆ ಧನಿಯಾ, ಚಕ್ಕೆ, ಲವಂಗ, ಕಾಯಿ ರುಬ್ಬಿ ಹಾಕಿ ಅರ್ಧ ಗಂಟೆ ಕುದಿಸ್ತೀವಿ. ಉಪ್ಪು ಮಾಡೋ ಕೆಲಸಾನ ನಾವೇ ಮಾಡ್ಕೊಂಡಿದೀವಿ, ಗರಿಗರಿ ಆಗೋ ಚರ್ಮಾನ ಬಿಸಾಕಿದೀವಿ, ಮತ್ತೆ ಎರಡು ಪಟ್ಟು ದುಡ್ಡು ಕೊಟ್ಟಿದ್ದು ಯಾತಕ್ಕೆ? ಮೊದಮೊದಲು ನಾನೇ ತಪ್ಪು ಮಾಡಿದೀನಿ, ಕೋಶರ್ ಕೋಳಿಗೆ ಮಾಮೂಲಿ ಅಳತೆಯಲ್ಲೇ ಉಪ್ಪು ಹಚ್ಚಿ ರಾತ್ರಿಯೆಲ್ಲಾ ಇಟ್ಟು, ಬೆಳಗ್ಗೆ ರೋಸ್ಟ್ ಮಾಡಿದ್ರೆ ಬಾಯಿಗೆ ಇಡೋಕಾಗಲಿಲ್ಲ, ಅಷ್ಟೂ ಕೋಳಿ ಹೋಯ್ತು. ಆವತ್ತಿಂದ ಕೋಶರ್ ಕೋಳಿಗೆ ಮುಂಚೆ ಉಪ್ಪು ಹಾಕಲ್ಲ, ಬೆಂದ ಮೇಲೆ ರುಚಿ ನೋಡೇ ಹಾಕೋದು.

ಇನ್ನೊಂದು ಮಾತು, ಇದನ್ನ ನಾನು ಒತ್ತಿ ಹೇಳ್ತೀನಿ ಯಾಕಂದ್ರೆ ಜನ ಇದಕ್ಕೇ ಅಂತ ದುಡ್ಡು ಕೊಡ್ತಿದಾರೆ. ಕೋಶರ್ ಅಂದ್ರೆ ಆರ್ಗ್ಯಾನಿಕ್ ಅಲ್ಲ, ಬಯಲಲ್ಲಿ ಮೇಯ್ದ ಕೋಳೀನೂ ಅಲ್ಲ, ಆಂಟಿಬಯಾಟಿಕ್ ಕೊಟ್ಟಿಲ್ಲ ಅಂತಾನೂ ಅರ್ಥ ಅಲ್ಲ, ಅದು ಬೇಕಿದ್ರೆ ಲೇಬಲ್‌ನಲ್ಲಿ ಬೇರೆಯಾಗಿ ಬರೆದಿರಬೇಕು. ಹಾರ್ಮೋನ್ ಇಲ್ಲ ಅನ್ನೋದು ಹೆಚ್ಚುಗಾರಿಕೆ ಏನಲ್ಲ, ಅಮೆರಿಕಾದಲ್ಲಿ ಯಾವ ಕೋಳಿಗೂ ಹಾರ್ಮೋನ್ ಕೊಡೋ ಹಾಗಿಲ್ಲ. ಗ್ಲಾಟ್ ಅಂತ ದೊಡ್ಡದಾಗಿ ಬರೆದಿದ್ರೂ ಅದು ಮೂಲದಲ್ಲಿ ದನದ ಶ್ವಾಸಕೋಶ ನುಣುಪಾಗಿದೆ ಅಂತ ಹೇಳೋ ಮಾತು, ಕೋಳಿಗಲ್ಲ. ಕ್ರಿಮಿ ಕಮ್ಮಿ ಅನ್ನೋ ನಂಬಿಕೇನೂ ಬಿಡಿ, 2013ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಅಂತ ನ್ಯೂಯಾರ್ಕ್ ಕಡೆ ಅಂಗಡಿಗಳಿಂದ ತಂದ ಕೋಳಿಗಳನ್ನ ಪರೀಕ್ಷೆ ಮಾಡಿದಾಗ ಆಂಟಿಬಯಾಟಿಕ್‌ಗೆ ಬಗ್ಗದ ಇ ಕೋಲೈ ಬ್ಯಾಕ್ಟೀರಿಯಾ ಜಾಸ್ತಿ ಸಿಕ್ಕಿದ್ದೇ ಕೋಶರ್ ಕೋಳೀಲಿ. ಯಾವ ಕೋಳಿ ಆದ್ರೂ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಲೇಬೇಕು, ಥರ್ಮಾಮೀಟರ್ ಒಂದು ಇಟ್ಕೊಳ್ಳಿ.

ಮನೇಲಿ ಬಿಪಿ ಇರೋರು ಇದ್ರೆ ಪ್ಯಾಕೆಟ್ ಮೇಲಿನ ಸೋಡಿಯಂ ಲೆಕ್ಕಾನ ಮಾಮೂಲಿ ಕೋಳಿ ಜೊತೆ ಹೋಲಿಸಿ ನೋಡಿ, ಎಷ್ಟೇ ತೊಳೆದಿದ್ರೂ ಉಪ್ಪು ಉಳಿದಿರುತ್ತೆ.

ಧರ್ಮಕ್ಕೆ ಅಂತ ಕೊಳ್ಳೋರಿಗೆ ಈ ಲೆಕ್ಕ ಯಾವುದೂ ಬೇಡ, ಅವರಿಗೆ ಅದು ಅಡುಗೆಗಿಂತ ದೊಡ್ಡದು. ಬರೀ ರುಚಿಗೆ ಅಂತ ಕೊಳ್ಳೋರು ಮನೇಲೇ ಹೀಗೆ ಮಾಡಿ: ಉಪ್ಪುನೀರು ಸೇರಿಸದ ಕೋಳಿ ತನ್ನಿ, ಏರ್ ಚಿಲ್ಡ್, ಅಂದ್ರೆ ನೀರಲ್ಲಿ ಮುಳುಗಿಸದೆ ತಣ್ಣನೆ ಗಾಳೀಲಿ ತಂಪು ಮಾಡಿದ್ದು, ಸಿಕ್ಕಿದ್ರೆ ಇನ್ನೂ ಒಳ್ಳೇದು. 1 ಕೆಜಿಗೆ 10 ಗ್ರಾಂ ಉಪ್ಪು, ಚಮಚದಲ್ಲಿ ಅಳೀಬೇಡಿ, ತೂಕ ಹಾಕಿ, ಯಾಕಂದ್ರೆ ಒಂದು ಬ್ರ್ಯಾಂಡಿನ ದಪ್ಪ ಉಪ್ಪಿಗೂ ಇನ್ನೊಂದಕ್ಕೂ ಒಂದೇ ಚಮಚದಲ್ಲಿ ತೂಕ ತುಂಬಾ ವ್ಯತ್ಯಾಸ. ಒಳಗೆ ಹೊರಗೆ ಹಚ್ಚಿ, ಫ್ರಿಜ್ಜಿನ ಕೆಳಗಿನ ತಟ್ಟೇಲಿ ಮುಚ್ಚದೆ ರಾತ್ರಿ ಪೂರ್ತಿ ಬಿಡಿ, ತೊಳೀಬೇಡಿ. ಚರ್ಮ ಒಣಗಿರುತ್ತೆ, ಹಂಗಾಗಿ ಕೋಶರ್ ಕೋಳಿಗಿಂತ ಚೆನ್ನಾಗೇ ಗರಿಗರಿ ಬರುತ್ತೆ.

ಮತ್ತೆ ನಾಟಿ ಕೋಳಿ ರುಚಿ ಹುಡುಕ್ಕೊಂಡು ಕೋಶರ್ ತಗೊಳ್ಳೋರಿಗೆ: ಮಾಮೂಲಿ ಕೋಶರ್ ಕೋಳೀನೂ ಬೇಗ ಬೆಳೆಸಿದ ಬ್ರಾಯ್ಲರೇ. ಮೊಟ್ಟೆ ಇಟ್ಟು ಮುಗಿಸಿದ ಹಳೇ ಹೇಟೆ ಕೇಳಿ, ಸ್ಟೂಯಿಂಗ್ ಹೆನ್ ಅಂತಾರೆ, ಕೋಳಿ ಕೊಯ್ದು ಕೊಡೋ ಹಲಾಲ್ ಅಂಗಡೀಲಿ ವಿಚಾರಿಸಿ. ಕುಕ್ಕರ್‌ನಲ್ಲಿ ಐದಾರು ವಿಷಲ್ ಜಾಸ್ತಿ ಬೇಕಾಗುತ್ತೆ, ಆದ್ರೆ ಮುದ್ದೆಗೆ ಆ ಸಾರೇ ಸರಿ.