ಎರಡು ನಿಮಿಷದ ಸ್ಕೇಟಿಂಗ್

ಎರಡು ನಿಮಿಷ, ಅಷ್ಟೇ ಟೈಮು. ಒಂದು ಹಳೇ ಗೋದಾಮು, ಕಾಲಡಿ ಸ್ಕೇಟ್‌ಬೋರ್ಡ್, ಎದುರಿಗೆ ಇಳಿಜಾರು. ಗಾಳಿಯಲ್ಲಿ ತೇಲುವ ಐದು ಅಕ್ಷರ ಹೆಕ್ಕಬೇಕು, ಎಲ್ಲೋ ಬಚ್ಚಿಟ್ಟ ವಿಡಿಯೊ ಟೇಪ್ ಹುಡುಕಬೇಕು, ಪಾಯಿಂಟ್ಸೂ ಕೂಡಿಸಬೇಕು. ಟೈಮ್ ಮುಗಿಯಿತಾ? ಇನ್ನೊಂದು ಸಲ. 'ಟೋನಿ ಹಾಕ್ಸ್ ಪ್ರೊ ಸ್ಕೇಟರ್' ಅನ್ನೋ ವಿಡಿಯೊ ಗೇಮ್ ಶುರುವಾದದ್ದು ಹೀಗೆ, 1999ರಲ್ಲಿ, ಮೊದಲ ಪ್ಲೇಸ್ಟೇಷನ್‌ನಲ್ಲಿ. ಮಾಡಿದ್ದು ಕ್ಯಾಲಿಫೋರ್ನಿಯಾದ ನೆವರ್‌ಸಾಫ್ಟ್, ಮಾರಿದ್ದು ಆಕ್ಟಿವಿಷನ್.

ಅದೇ ವರ್ಷ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಎಕ್ಸ್ ಗೇಮ್ಸ್ ಅನ್ನೋ ಸಾಹಸ ಕ್ರೀಡಾಕೂಟದಲ್ಲಿ ಸ್ಕೇಟ್‌ಬೋರ್ಡ್ ಆಟಗಾರ ಟೋನಿ ಹಾಕ್ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ ನೆಟ್ಟಗೆ ಇಳಿದಿದ್ದರು. ಅದೇ '900', ಅಂದ್ರೆ 900 ಡಿಗ್ರಿ. ತಮಾಷೆ ಏನಂದ್ರೆ, ಅದಾಗುವ ಹೊತ್ತಿಗೆ ಸ್ಪರ್ಧೆಯ ಟೈಮ್ ಮುಗಿದೇ ಹೋಗಿತ್ತು. ಆದರೂ ಬಿಡದೆ ಮತ್ತೆ ಮತ್ತೆ ಬಿದ್ದು ಎದ್ದು ಸಾಧಿಸಿದರು. ಕೆಲವೇ ತಿಂಗಳಲ್ಲಿ ಅವರ ಹೆಸರಿನ ಗೇಮ್ ಅಂಗಡಿಗೆ ಬಂತು. ಇದಕ್ಕಿಂತ ಒಳ್ಳೇ ಜಾಹೀರಾತು ಬೇಕಾ?

ಆದರೆ ಆಟ ನಿಂತಿದ್ದು ಹೆಸರಿನ ಮೇಲಲ್ಲ, ಲೆಕ್ಕದ ಮೇಲೆ. ತಲಾ 500 ಪಾಯಿಂಟ್‌ನ ಐದು ಟ್ರಿಕ್ ಒಂದೇ ಸರಣಿಯಲ್ಲಿ ಹೊಡೆದಿರಿ ಅನ್ನಿ. ಮೊತ್ತ 2,500, ಅದಕ್ಕೆ ಐದರ ಗುಣಾಕಾರ: 12,500. ಇನ್ನೊಂದು ಟ್ರಿಕ್ ಸೇರಿಸಿದರೆ 18,000. ಆ ಆರನೆಯದರಲ್ಲಿ ಬಿದ್ದರೆ ಸೊನ್ನೆ! ಸಾಕು ಅನ್ನೋ ಬುದ್ಧಿಗೂ ಇನ್ನೊಂದೇ ಒಂದು ಅನ್ನೋ ಆಸೆಗೂ ಹೆಬ್ಬೆರಳ ತುದಿಯಲ್ಲಿ ಜಗಳ. 2000ದ ಎರಡನೇ ಭಾಗದಲ್ಲಿ 'ಮ್ಯಾನುಯಲ್' ಬಂತು. ಮೇಲಿನ ಬಟನ್, ಕೆಳಗಿನ ಬಟನ್ ಪಟಪಟ ಒತ್ತಿದರೆ ಎರಡೇ ಚಕ್ರದ ಮೇಲೆ ಬ್ಯಾಲೆನ್ಸ್ ಮಾಡುತ್ತಾ ಮುಂದಿನ ಟ್ರಿಕ್‌ವರೆಗೆ ಸಾಗಬಹುದು. 2001ರ ಮೂರನೆಯದರಲ್ಲಿ 'ರಿವರ್ಟ್' ಬಂತು. ಎತ್ತರದ ರ‍್ಯಾಂಪ್‌ನಿಂದ ಇಳಿದ ಮೇಲೂ ಸರಣಿ ಕಡಿಯುತ್ತಿರಲಿಲ್ಲ. ಈ ಎರಡೇ ಸಣ್ಣ ಸೇರ್ಪಡೆಯಿಂದ ಇಡೀ ಊರೇ ಒಂದು ಟ್ರಿಕ್ ಆಯಿತು. ನನ್ನ ಲೆಕ್ಕದಲ್ಲಿ ಈ ಗೇಮ್‌ಗಳ ಶಿಖರ ಅದೇ.

ಅಲ್ಲಿಂದ ಮುಂದೆ ವರ್ಷಕ್ಕೊಂದು ಗೇಮ್ ತಪ್ಪಲಿಲ್ಲ. ಪ್ರತಿ ವರ್ಷ ಹೊಸದೇನಾದರೂ ತೋರಿಸಬೇಕಲ್ವಾ? 2002ರ ನಾಲ್ಕನೆಯದರಲ್ಲಿ ಎರಡು ನಿಮಿಷದ ಗಡುವೇ ಹೋಯಿತು. 2003ರ 'ಅಂಡರ್‌ಗ್ರೌಂಡ್'ನಲ್ಲಿ ಕಥೆ ಬಂತು, ಬೋರ್ಡ್‌ನಿಂದ ಇಳಿದು ನಡೆಯಬಹುದಾಯಿತು. ಆ ಕಥೆಯಲ್ಲಿ ಮೋಸ ಮಾಡುವ ಗೆಳೆಯ ಎರಿಕ್ ಸ್ಪ್ಯಾರೋ ಮೇಲಿನ ಸಿಟ್ಟು ಎಷ್ಟೋ ಜನರಿಗೆ ಇನ್ನೂ ಆರಿಲ್ಲ. ಅದರ ನಂತರದವು ಒಂದರ ಹಾಗೆ ಇನ್ನೊಂದು.

2007ರಲ್ಲಿ ಇಎ ಕಂಪನಿ 'ಸ್ಕೇಟ್' ತಂತು. ಅಲ್ಲಿ ಬಟನ್ ಬಡಿಯುವುದಿಲ್ಲ. ಬಲಗಡೆಯ ಸ್ಟಿಕ್ಕನ್ನು ಕೆಳಗೆಳೆದು ಮೇಲಕ್ಕೆ ಚಿಮ್ಮಿದರೆ ಬೋರ್ಡ್ ಜಿಗಿಯುತ್ತದೆ. ಒಂದು ಮೆಟ್ಟಿಲು ದಾಟುವುದೇ ದೊಡ್ಡ ಕೆಲಸ. ಮೂವತ್ತು ಟ್ರಿಕ್‌ನ ಸರಣಿ ನೋಡಿ ದಣಿದವರಿಗೆ ಇದು ನಿಜವಾದ ಸ್ಕೇಟಿಂಗ್ ಅನ್ನಿಸಿತು. ಅದೇ ವರ್ಷದ 'ಪ್ರೂವಿಂಗ್ ಗ್ರೌಂಡ್' ನೆವರ್‌ಸಾಫ್ಟ್‌ನ ಕೊನೆಯ ಟೋನಿ ಹಾಕ್ ಗೇಮ್. ಅವರು 'ಗಿಟಾರ್ ಹೀರೊ' ಅನ್ನೋ ಸಂಗೀತದ ಗೇಮ್ ಕಡೆ ಹೋದರು.

2009ರ 'ರೈಡ್' ಜೊತೆ ಚಕ್ರವಿಲ್ಲದ ಪ್ಲಾಸ್ಟಿಕ್ ಬೋರ್ಡ್ ಕೊಟ್ಟರು, ಬೆಲೆ ಸುಮಾರು 120 ಡಾಲರ್. ಟಿವಿ ಮುಂದೆ ಅದರ ಮೇಲೆ ನಿಂತು ಓಲಾಡಬೇಕು. ಹತ್ತು ವರ್ಷ ಹೆಬ್ಬೆರಳು ಕಲಿತದ್ದೆಲ್ಲ ನೀರಲ್ಲಿ ಹೋಮ. 2015ರಲ್ಲಿ ಬಂದ 'ಪ್ರೊ ಸ್ಕೇಟರ್' ಹೆಸರಿನ ಐದನೇ ಭಾಗವಂತೂ ಬಗ್‌ಗಳ ಜಾತ್ರೆ. ಬಿಡುಗಡೆ ದಿನದ ಪ್ಯಾಚ್, ಅಂದ್ರೆ ಡೌನ್‌ಲೋಡ್ ಮಾಡಬೇಕಾದ ತಿದ್ದುಪಡಿ, ಡಿಸ್ಕ್‌ನಲ್ಲಿದ್ದ ಗೇಮ್‌ಗಿಂತ ದೊಡ್ಡದಾಗಿತ್ತು!

2020ರಲ್ಲಿ ವಿಕೇರಿಯಸ್ ವಿಷನ್ಸ್ ಮೊದಲೆರಡು ಭಾಗಗಳನ್ನು ಹೊಸದಾಗಿ ಕಟ್ಟಿ ಮಾನ ಉಳಿಸಿತು. ಮುಂದಿನ ವರ್ಷವೇ ಆ ಸ್ಟುಡಿಯೋವನ್ನು ಬ್ಲಿಜಾರ್ಡ್ ಅನ್ನೋ ಇನ್ನೊಂದು ಗೇಮ್ ಕಂಪನಿಗೆ ಸೇರಿಸಿಬಿಟ್ಟರು. ಹಾಗಾಗಿ ಮೂರು, ನಾಲ್ಕನೇ ಭಾಗಗಳ ಹೊಸ ರೂಪಕ್ಕೆ 2025ರ ಜುಲೈವರೆಗೆ ಕಾಯಬೇಕಾಯಿತು. ಐರನ್ ಗ್ಯಾಲಕ್ಸಿ ಮಾಡಿದ ಆ ಗೇಮ್‌ನಲ್ಲಿ ನಾಲ್ಕನೇ ಭಾಗಕ್ಕೂ ಎರಡು ನಿಮಿಷದ ಗಡುವು ಹಾಕಿದ್ದಾರೆ. 2002ರಲ್ಲಿ ತೆಗೆದದ್ದೇ ವಾಪಸ್ ಬಂದಿದೆ. ಹಳೇ ಅಭಿಮಾನಿಗಳು ಗೊಣಗಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ಟೈಮು ಜಾಸ್ತಿ ಮಾಡಿಕೊಳ್ಳಬಹುದು. ನಾನು ಮಾತ್ರ ಎರಡಕ್ಕೇ ಬಿಟ್ಟಿದ್ದೇನೆ.