ಪೆಟ್ಟಿಗೆಗೆ 1.90 ಡಾಲರ್: ಡೆನ್ವರ್‌ನ ಚೀಸ್‌ಮನ್ ಪಾರ್ಕ್ ಆದ ಬಗೆ

ಅಮೆರಿಕದ ಡೆನ್ವರ್ ನಗರದ ಚೀಸ್‌ಮನ್ ಪಾರ್ಕಿನಲ್ಲಿ 2010ರಲ್ಲಿ ನೀರಿನ ಪೈಪಿಗೆಂದು ಅಗೆದಾಗ ಅಸ್ಥಿಪಂಜರಗಳು ಸಿಕ್ಕವು. ಅವು ಅಲ್ಲೇ ಉಳಿಯಲು ಕಾರಣ 1893ರ ಒಂದು ಗುತ್ತಿಗೆ.

ಊರು ಹುಟ್ಟಿದ 1858ರಲ್ಲೇ ಅದರ ಸ್ಥಾಪಕ ವಿಲಿಯಂ ಲ್ಯಾರಿಮರ್ ಇಲ್ಲಿನ ದಿಬ್ಬದಲ್ಲಿ 320 ಎಕರೆಯನ್ನು ಸ್ಮಶಾನಕ್ಕೆಂದು ಗುರುತಿಸಿದ್ದ. ಜಮೀನು ಕೇಂದ್ರ ಸರ್ಕಾರದ್ದೆಂದು ಆಮೇಲೆ ತೀರ್ಮಾನವಾಗಿ, 1872ರಲ್ಲಿ ನಗರ 160 ಎಕರೆಯನ್ನು 200 ಡಾಲರಿಗೆ ಕೊಂಡಿತು. 1876ರಲ್ಲಿ ರಿವರ್‌ಸೈಡ್ ಸ್ಮಶಾನ ತೆರೆದ ಮೇಲೆ ಉಳ್ಳವರು ಅತ್ತ ಹೋದರು, ಇದು ಬಡವರ ಪಾಲಾಗಿ ಪಾಳುಬಿತ್ತು. 1890ರಲ್ಲಿ ಸೆನೆಟರ್ ಹೆನ್ರಿ ಟೆಲ್ಲರ್ ಇಲ್ಲಿ ಪಾರ್ಕ್ ಮಾಡಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ತಂದರು. ಶವ ಸಾಗಿಸಿಕೊಳ್ಳಲು ವಾರಸುದಾರರಿಗೆ 90 ದಿನ ಗಡುವು. ಸುಮಾರು 5,000 ಗೋರಿಗಳಿಗೆ ಯಾರೂ ಬರಲಿಲ್ಲ.

ಅವುಗಳನ್ನು ರಿವರ್‌ಸೈಡ್‌ಗೆ ಸಾಗಿಸುವ ಗುತ್ತಿಗೆ ಇ. ಪಿ. ಮೆಕ್‌ಗವರ್ನ್ ಎಂಬ ಶವಸಂಸ್ಕಾರ ವ್ಯಾಪಾರಿಗೆ ಸಿಕ್ಕಿತು. ದರ ಪೆಟ್ಟಿಗೆಗೆ 1.90 ಡಾಲರ್. ಎಡವಿದ್ದು ಇಲ್ಲೇ. ಲೆಕ್ಕ ಗೋರಿಗಲ್ಲ, ಪೆಟ್ಟಿಗೆಗೆ. ಅವನು ತಂದದ್ದು ಮೂರೂವರೆ ಅಡಿ ಉದ್ದ, ಒಂದು ಅಡಿ ಅಗಲದ ಪೆಟ್ಟಿಗೆಗಳು. ಪೂರ್ತಿ ಕರಗಿ ಮೂಳೆಯಷ್ಟೇ ಉಳಿದಿದ್ದರೆ ಅಷ್ಟು ಜಾಗ ಸಾಕು. ದೇಹದ ಅತಿ ಉದ್ದದ ಮೂಳೆಯಾದ ತೊಡೆಮೂಳೆ ಒಂದೂವರೆ ಅಡಿಯ ಆಸುಪಾಸು. ಆದರೆ ಕೀಲು ಬಿಡದ ಹೆಣ ಅದರಲ್ಲಿ ಹಿಡಿಸುವುದಿಲ್ಲ. ಆಳುಗಳು ಸಲಿಕೆಯಿಂದ ಕಡಿದರು. ಒಂದು ಶವ ಎರಡು ಮೂರು ಪೆಟ್ಟಿಗೆಯಾಯಿತು, ಬಿಲ್ಲೂ ಅಷ್ಟಾಯಿತು. ಸತ್ತವರ ಮೇಲೆ ನಡೆದ ಈ ಹಿಂಸೆಗೆ ಆಳುಗಳಿಗಿಂತ ಆ ದರವೇ ಹೆಚ್ಚು ಹೊಣೆ.

ಮಾರ್ಚ್ 19ರಂದು 'ಡೆನ್ವರ್ ರಿಪಬ್ಲಿಕನ್' ಪತ್ರಿಕೆ ಇದನ್ನು ಬಯಲಿಗೆಳೆಯಿತು. ಮೇಯರ್ ಪ್ಲ್ಯಾಟ್ ರೋಜರ್ಸ್ ಕೆಲಸ ನಿಲ್ಲಿಸಿದರು. ಅದು ಸರಿಯೇ, ಆದರೆ ಬೇರೆಯವರಿಗೆ ಗುತ್ತಿಗೆ ಕೊಡಲೇ ಇಲ್ಲ. ಅಗೆದ ಗುಂಡಿಗಳು ಬಾಯ್ತೆರೆದೇ ಇದ್ದವು. ಮರುವರ್ಷ ನೆಲ ಮಟ್ಟ ಮಾಡುವ ಕೆಲಸ ಶುರುವಾಗಿ, ರೈನ್‌ಹಾರ್ಡ್ ಶೂಟ್ಸೆ ವಿನ್ಯಾಸದಂತೆ ಮರ, ಹುಲ್ಲು, ದಾರಿಗಳು ಬಂದವು. ಡೆನ್ವರ್‌ನ ಉದ್ಯಮಿ ವಾಲ್ಟರ್ ಚೀಸ್‌ಮನ್ 1907ರಲ್ಲಿ ತೀರಿಕೊಂಡ ಮೇಲೆ ಮನೆಯವರು ಮಂಟಪಕ್ಕೆ ಹಣ ಕೊಟ್ಟರು, ಪಾರ್ಕಿಗೆ ಅವರ ಹೆಸರೂ ಬಂತು. ಸ್ಮಶಾನದ ಪಕ್ಕದ ಕ್ಯಾಥೊಲಿಕ್ ಭಾಗ ಮಾತ್ರ 1950ರವರೆಗೂ ಚರ್ಚಿನ ಕೈಯಲ್ಲಿತ್ತು. ಈಗ ಅಲ್ಲಿ ಸಸ್ಯೋದ್ಯಾನವಿದೆ.

ಪಾರ್ಕಿನಡಿ ಇನ್ನೂ 2,000ಕ್ಕೂ ಹೆಚ್ಚು ಶವಗಳಿವೆ ಎನ್ನುತ್ತಾರೆ. ಅದು ಅಂದಾಜಷ್ಟೇ. ಒಬ್ಬರ ಮೂಳೆ ಹಲವು ಪೆಟ್ಟಿಗೆಗೆ ಹಂಚಿಹೋದ ಮೇಲೆ, ರಿವರ್‌ಸೈಡ್‌ಗೆ ಹೋದ ಪೆಟ್ಟಿಗೆಗಳನ್ನು ಎಣಿಸಿ ಎಷ್ಟು ಜನ ಹೋದರೆಂದು ಹೇಳಲಾಗದು.